ಕ್ಲೆಮೆಂಟೆ ತೊಟ್ಟ 21 ಇನ್ನು ಯಾರಿಗೂ ಬೇಡ

ಅಮೆರಿಕದ ಬೇಸ್‌ಬಾಲಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸಿನ 1960ರ ಅಂಕಪಟ್ಟಿ ನೋಡಿದವರು ಗೆದ್ದವರು ಯಾರೆಂದು ತಪ್ಪಾಗಿಯೇ ಊಹಿಸುತ್ತಾರೆ. ಏಳು ಪಂದ್ಯಗಳಲ್ಲಿ ನ್ಯೂಯಾರ್ಕ್ ಯಾಂಕೀಸ್ ಗಳಿಸಿದ್ದು 55 ರನ್, ಪಿಟ್ಸ್‌ಬರ್ಗ್ ಪೈರೇಟ್ಸ್ ಗಳಿಸಿದ್ದು ಬರೀ 27. ಯಾಂಕೀಸ್ ಮೂರು ಪಂದ್ಯಗಳನ್ನು ಭಾರಿ ಅಂತರದಿಂದ ಗೆದ್ದರೆ, ಪೈರೇಟ್ಸ್ ಸಣ್ಣ ಅಂತರದಲ್ಲೇ ನಾಲ್ಕನ್ನು ಕಸಿದುಕೊಂಡಿತು. ಅಕ್ಟೋಬರ್ 13ರ ಕೊನೆಯ ಪಂದ್ಯ 9-9ರಲ್ಲಿ ಸಮನಾಗಿದ್ದಾಗ, ಒಂಬತ್ತನೇ ಇನ್ನಿಂಗ್ಸಿನಲ್ಲಿ ಬಿಲ್ ಮಜೆರೋಸ್ಕಿ ಚೆಂಡನ್ನು ಎಡಗಡೆಯ ಗೋಡೆಯಾಚೆ ಅಟ್ಟಿದರು. ವರ್ಲ್ಡ್ ಸೀರೀಸಿನ ಏಳನೇ ಪಂದ್ಯ ಹೋಮ್ ರನ್ನಿನಿಂದ ಮುಗಿದದ್ದು ಅದೊಂದೇ ಸಲ.

ಉಕ್ಕಿನ ಕಾರ್ಖಾನೆಗಳ ಊರು ಪಿಟ್ಸ್‌ಬರ್ಗ್. ಹುಡುಗನಾಗಿದ್ದಾಗ ಕಲ್ಲಿದ್ದಲು ಗಣಿಯಲ್ಲಿ ದುಡಿದ, ಪೈರೇಟ್ಸ್‌ನ ಹೋನಸ್ ವ್ಯಾಗ್ನರ್ ಎಂಟು ಬಾರಿ ಲೀಗಿನ ಬ್ಯಾಟಿಂಗ್ ಕಿರೀಟ ಗೆದ್ದು, 1936ರಲ್ಲಿ ಬೇಸ್‌ಬಾಲಿನ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದ ಮೊದಲ ಐವರಲ್ಲಿ ಒಬ್ಬರಾದರು. 1979ರ ವರ್ಲ್ಡ್ ಸೀರೀಸಿನಲ್ಲಿ ತಂಡ 3-1ರಿಂದ ಹಿಂದೆ ಬಿದ್ದಿದ್ದಾಗ ಅದನ್ನು ದಡ ಮುಟ್ಟಿಸಿದವರು 39ರ ಹರೆಯದ ವಿಲ್ಲಿ ಸ್ಟಾರ್ಜೆಲ್. ಅದು ಪೈರೇಟ್ಸ್‌ನ ಐದನೇ ಕಿರೀಟ, ಕೊನೆಯದೂ ಹೌದು. 1993ರಿಂದ 2012ರವರೆಗೆ ಸತತ ಇಪ್ಪತ್ತು ವರ್ಷ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆ ದುರ್ದಿನಗಳಲ್ಲೇ, 2008ರಲ್ಲಿ, ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಎಸೆತಗಾರರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಒಂದು ಟಿವಿ ಸ್ಪರ್ಧೆಯ ಮೂಲಕ ಇದೇ ತಂಡದ ಒಪ್ಪಂದ ಪಡೆದರು. ಇಬ್ಬರೂ ಆಟದ ಅಗ್ರ ಹಂತವಾದ ಮೇಜರ್ ಲೀಗ್ ಮುಟ್ಟಲಿಲ್ಲ.

ಆದರೆ ಪೈರೇಟ್ಸ್ ಎಂದರೆ ಎಲ್ಲಕ್ಕಿಂತ ಮೊದಲು ರೊಬೆರ್ಟೊ ಕ್ಲೆಮೆಂಟೆ.

ಪೋರ್ಟೊರಿಕೋದ ಕಬ್ಬಿನ ಗದ್ದೆಯ ಮೇಸ್ತ್ರಿಯೊಬ್ಬರ ಮಗ. 1955ರಲ್ಲಿ ಪಿಟ್ಸ್‌ಬರ್ಗಿಗೆ ಬಂದಾಗ ಅವರ ಮೈಬಣ್ಣವೂ ನುಡಿಯೂ ಎರಡೂ ಅಡ್ಡ ಬಂದವು. ಪತ್ರಿಕೆಗಳು ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸುವ ಹಾಗೆ ಅಚ್ಚುಹಾಕಿದವು, ರೊಬೆರ್ಟೊ ಎಂಬ ಹೆಸರನ್ನು ಬಾಬ್ ಎಂದು ಮೊಟಕುಗೊಳಿಸಿದವು. ಕ್ಲೆಮೆಂಟೆ ಎರಡನ್ನೂ ಸಹಿಸಲಿಲ್ಲ. ನಾಲ್ಕು ಬ್ಯಾಟಿಂಗ್ ಕಿರೀಟ, ಫೀಲ್ಡಿಂಗಿಗೆ ಹನ್ನೆರಡು ಗೋಲ್ಡ್ ಗ್ಲವ್, ತಾವಾಡಿದ ಹದಿನಾಲ್ಕು ವರ್ಲ್ಡ್ ಸೀರೀಸ್ ಪಂದ್ಯಗಳಲ್ಲೂ ತಪ್ಪದೆ ಹಿಟ್. 1971ರ ಸೆಪ್ಟೆಂಬರ್ 1ರಂದು ಮ್ಯಾನೇಜರ್ ಡ್ಯಾನಿ ಮರ್ಟಾ ಇಳಿಸಿದ ಆರಂಭಿಕ ಒಂಬತ್ತೂ ಮಂದಿ ಕಪ್ಪು ಅಥವಾ ಲ್ಯಾಟಿನ್ ಮೂಲದವರು. ಮೇಜರ್ ಲೀಗಿನಲ್ಲಿ ಹಾಗಾದದ್ದು ಅದೇ ಮೊದಲು, ಆ ಒಂಬತ್ತರಲ್ಲಿ ಕ್ಲೆಮೆಂಟೆಯೂ ಇದ್ದರು. ಮುಂದಿನ ತಿಂಗಳು ವರ್ಲ್ಡ್ ಸೀರೀಸ್ ಗೆದ್ದು ಅದರ ಶ್ರೇಷ್ಠ ಆಟಗಾರರಾದಾಗ, ಅಮೆರಿಕದ ಟಿವಿಯಲ್ಲಿ ಅವರು ಮೊದಲು ಮಾತಾಡಿದ್ದು ಸ್ಪ್ಯಾನಿಷಿನಲ್ಲಿ, ತಂದೆತಾಯಿಯ ಜೊತೆ.

1972ರ ಸೆಪ್ಟೆಂಬರ್ 30ರಂದು 3000ನೇ ಹಿಟ್. ಲೀಗ್ ಪಂದ್ಯಗಳಲ್ಲಿ ಅದೇ ಕೊನೆಯದು. ಡಿಸೆಂಬರಿನಲ್ಲಿ ನಿಕರಾಗುವಾದ ಮನಾಗುವಾ ನಗರ ಭೂಕಂಪಕ್ಕೆ ನೆಲಸಮವಾಯಿತು. ಕಳಿಸಿದ ನೆರವು ಸಂತ್ರಸ್ತರ ಕೈಸೇರುತ್ತಿಲ್ಲ ಎಂದು ಕೇಳಿ, ಸಾಮಾನಿನ ಜೊತೆ ಕ್ಲೆಮೆಂಟೆ ತಾವೇ ಹೊರಟರು. ಮಿತಿಮೀರಿ ಹೇರಿದ ಹಳೆಯ ವಿಮಾನ ಡಿಸೆಂಬರ್ 31ರ ರಾತ್ರಿ ಸಮುದ್ರಕ್ಕೆ ಬಿತ್ತು. ಕ್ಲೆಮೆಂಟೆ ತೀರಿಕೊಂಡರು, ವಯಸ್ಸು 38.

ಹಾಲ್ ಆಫ್ ಫೇಮ್ ಆಟ ನಿಂತ ಮೇಲೆ ಐದು ವರ್ಷ ಕಾಯುವ ನಿಯಮವನ್ನು ಬದಿಗಿಟ್ಟು 1973ರಲ್ಲೇ ಅವರನ್ನು ಸೇರಿಸಿಕೊಂಡಿತು. ಅವರ 21ನೇ ನಂಬರನ್ನು ಪೈರೇಟ್ಸ್ ಬೇರೆ ಯಾರಿಗೂ ಕೊಡುತ್ತಿಲ್ಲ. 21 ಕೊಡದಿರುವ ಈ ನಿಯಮ ಎಲ್ಲ ತಂಡಗಳಿಗೂ ಅನ್ವಯಿಸಬೇಕು. ವರ್ಣಭೇದದ ಗೋಡೆ ಒಡೆದ ಜಾಕಿ ರಾಬಿನ್ಸನ್ ಅವರ 42ಕ್ಕೆ 1997ರಲ್ಲಿ ಲೀಗ್ ಆ ಗೌರವ ಕೊಟ್ಟಿದೆ. ಅದು ರಾಬಿನ್ಸನ್ ಒಬ್ಬರಿಗೇ ಇರಲಿ, ಹಂಚಿದರೆ ತೂಕ ಕಳೆದುಕೊಳ್ಳುತ್ತದೆ ಎನ್ನುವವರಿದ್ದಾರೆ. ಕ್ಲೆಮೆಂಟೆ ಮೊದಲ ಲ್ಯಾಟಿನ್ ಆಟಗಾರರೇನಲ್ಲ ಎಂಬುದೂ ನಿಜ. ಆದರೆ ಇಂದು ಮೇಜರ್ ಲೀಗಿನ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಹೊರಗೆ ಹುಟ್ಟಿದವರು, ಅವರಲ್ಲಿ ಬಹುಪಾಲು ಸ್ಪ್ಯಾನಿಷ್ ಮಾತಾಡುವವರು. ತಮ್ಮ ಹೆಸರು ಮತ್ತು ನುಡಿಯನ್ನು ಬಿಟ್ಟುಕೊಡದೆ ಇಲ್ಲಿ ತಲೆಯೆತ್ತಿ ಆಡಬಹುದೆಂದು ಅವರಿಗೆ ತೋರಿಸಿಕೊಟ್ಟವರು ಕ್ಲೆಮೆಂಟೆ. ಸೆಪ್ಟೆಂಬರ್ 15, ಕ್ಲೆಮೆಂಟೆ ದಿನದಂದು ಬೇರೆ ತಂಡಗಳವರೂ 21 ತೊಡಲು ಲೀಗ್ ಅನುಮತಿಸಿದೆ. 2022ರ ಆ ದಿನ ಟ್ಯಾಂಪಾ ಬೇ ರೇಸ್ ತಂಡದ ಒಂಬತ್ತೂ ಬ್ಯಾಟರ್‌ಗಳು ಲ್ಯಾಟಿನ್ ಅಮೆರಿಕದವರಾಗಿದ್ದರು, ಎಲ್ಲರ ಬೆನ್ನಿನ ಮೇಲೂ 21. ವರ್ಷದ ಉಳಿದ ದಿನಗಳಲ್ಲಿ ಆ ನಂಬರ್ ಯಾರಿಗೂ ಸಿಗದಂತೆ ಮಾಡಲು ಲೀಗ್ ಕಮಿಷನರ್ ಅವರ ಒಂದು ಆದೇಶ ಸಾಕು. ಆ ಆದೇಶ ಇನ್ನು ತಡವಾಗಬಾರದು.