ಗೃಹಾರೋಗ್ಯ: ಬೆನ್ನುನೋವೂ ನಾಡಿಯೂ

ರೋಣ, ನರಗುಂದಗಳ ಎರೆಹೊಲಗಳಲ್ಲಿ ಕಡಲೆ ಕಿತ್ತು ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೂ, ಗಜೇಂದ್ರಗಡದಲ್ಲಿ ದಿನವೆಲ್ಲ ಮಗ್ಗದ ಮುಂದೆ ಬಾಗಿ ಕೂಡುವ ನೇಕಾರರಿಗೂ ಬೆನ್ನುನೋವು ಹೊಸದಲ್ಲ. ಎಣ್ಣೆ ತಿಕ್ಕಿ ಬಿಸಿನೀರೆರೆದುಕೊಂಡು ನಾಲ್ಕು ದಿನ ಹಗುರಾಗಿ ಕೆಲಸಮಾಡಿದರೆ ಅದು ಬಹುಮಟ್ಟಿಗೆ ಇಳಿಯುವದು. ಇಂಥ ನೋವಿಗೆ ಅಂಜಬೇಕಾದುದಿಲ್ಲ.

ಆದರೆ ಅಪರೂಪವಾಗಿ ನೋವಿನ ಮೂಲವು ಎಲುಬಿನಲ್ಲಿಯೂ ಸ್ನಾಯುವಿನಲ್ಲಿಯೂ ಇರದೆ ರಕ್ತನಾಳದಲ್ಲಿರುವದುಂಟು. ಹೃದಯದಿಂದ ಹೊರಟ ಮಹಾಧಮನಿಯು ಬೆನ್ನೆಲುಬಿನ ಮುಂದುಗಡೆಯಿಂದ ಕೆಳಗಿಳಿದು, ಹೊಕ್ಕುಳದ ಸುಮಾರಿಗೆ ಎರಡಾಗಿ ಕವಲೊಡೆಯುವದು. ಅದರ ಗೋಡೆಗೆ ಉರಿಯೂತವುಂಟಾದರೆ ವೇದನೆಯು ಬೆನ್ನಿನಲ್ಲಿ ತೋರಬಹುದು. ಎಲುಬಿನ ಕ್ಷ-ಕಿರಣ ಚಿತ್ರದಲ್ಲಿ ಆಗ ಯಾವ ದೋಷವೂ ಕಾಣದೆ, ರೋಗಿಯು ನೋವಿನ ಗುಳಿಗೆ ನುಂಗುತ್ತಲೇ ತಿಂಗಳುಗಳನ್ನು ಕಳೆಯುವ ಸಂಭವವುಂಟು.

ಈ ಜಾತಿಯ ರೋಗಗಳಲ್ಲಿ ಒಂದಕ್ಕೆ ಜಪಾನಿನ ನೇತ್ರವೈದ್ಯ ಮಿಕಿಟೊ ತಕಯಾಸುವಿನ ಹೆಸರಿದೆ. 1908ರಲ್ಲಿ ಆತನು ತರುಣಿಯೊಬ್ಬಳ ಕಣ್ಣಿನೊಳಗಿನ ರಕ್ತನಾಳಗಳಲ್ಲಿ ಕಂಡ ವಿಕಾರವನ್ನು ವರ್ಣಿಸಲು, ಅದೇ ವಿಕಾರವುಳ್ಳ ಬೇರೆ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗಲಿಲ್ಲವೆಂದು ಇನ್ನಿಬ್ಬರು ವೈದ್ಯರು ತಿಳಿಸಿದರು. ಇದು ಅಂಟುರೋಗವಲ್ಲ; ಹೆಚ್ಚಾಗಿ ನಲವತ್ತರೊಳಗಿನ ಸ್ತ್ರೀಯರಿಗೆ ಬರುವದು. ಹೊಲಮನೆಗಳ ಕೆಲಸವು ಬಹುಪಾಲು ಇವರದೇ ಆದುದರಿಂದ ನೋವಿನ ಅಪರಾಧವನ್ನು ಕೆಲಸದ ಮೇಲೆ ಹೊರಿಸಿಬಿಡುವದು ಸುಲಭ, ಮೋಸವಿರುವದೂ ಇಲ್ಲಿಯೇ.

ಹಾಗಾದರೆ ಮನೆಯವರು ಗಮನಿಸತಕ್ಕದ್ದೇನು? ವಿಶ್ರಾಂತಿಗೂ ಬಗ್ಗದ, ರಾತ್ರಿಯೂ ಬಿಡದ ನೋವು. ಜತೆಗೆ ಸಣ್ಣ ಜ್ವರ, ಮೈ ಇಳಿಯುವದು. ಬಟ್ಟೆ ಒಗೆಯುವಾಗ, ರೊಟ್ಟಿ ಬಡಿಯುವಾಗ ಒಂದು ತೋಳು ಬೇಗನೆ ಸೋಲುವದು. ಜ್ವರವೂ ಬೆನ್ನುನೋವೂ ಕೂಡಿದಲ್ಲಿ ವೈದ್ಯರು ಬೆನ್ನೆಲುಬಿನ ಕ್ಷಯವನ್ನು ಶಂಕಿಸುವರು, ಅದು ಯೋಗ್ಯವೇ. ಅದಲ್ಲವೆಂದು ತಿಳಿದ ಮೇಲೆಯೂ ಕಾರಣ ಸಿಗದಿದ್ದರೆ, ಎರಡೂ ತೋಳುಗಳ ರಕ್ತದೊತ್ತಡವನ್ನು ಅಳೆಯಿರೆಂದು ಕೇಳಿಕೊಳ್ಳಲು ಸಂಕೋಚಪಡಬಾರದು. ತಾಲೂಕು ದವಾಖಾನೆಯಲ್ಲಿಯೇ ಆಗುವ ಕೆಲಸವಿದು. ಮೇಲಿನ ಅಂಕೆಯಲ್ಲಿ 20ರಷ್ಟು ಭೇದ ಕಂಡರೆ ಗದಗಿಗೋ ಹುಬ್ಬಳ್ಳಿಗೋ ಹೋಗಿ ತಜ್ಞರನ್ನು ಕಂಡು, ರಕ್ತಪರೀಕ್ಷೆಯನ್ನೂ ಧಮನಿಯ ಸಿ.ಟಿ. ಚಿತ್ರವನ್ನೂ ಮಾಡಿಸತಕ್ಕದ್ದು. ಭೇದವಿಲ್ಲದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

ಚಿಕಿತ್ಸೆಯುಂಟು. ಸ್ಟಿರಾಯ್ಡ್ ಔಷಧದಿಂದ ಉರಿಯೂತವು ಇಳಿಯುವದು. ಅನೇಕರಿಗೆ ಅದರೊಡನೆ ಬೇರೆ ಔಷಧಗಳೂ ಬೇಕಾಗುವವು. ನೋವು ನಿಂತಿತೆಂದು ತಾನಾಗಿಯೇ ಅದನ್ನು ಒಮ್ಮೆಲೇ ಬಿಡಕೂಡದು, ಪ್ರಾಣಕ್ಕೇ ಅಪಾಯವಾದೀತು. ಮಕ್ಕಳನ್ನು ಬಯಸುವವಳು ಗರ್ಭಧಾರಣೆಗೆ ಮುಂಚೆಯೇ ವೈದ್ಯರೊಡನೆ ಆಲೋಚಿಸಬೇಕು.

ಇನ್ನು, ಬೆನ್ನನ್ನು ಸೀಳಿದಂತೆ ಒಮ್ಮಿಂದೊಮ್ಮೆಲೇ ನೋವೆದ್ದು ಬೆವರಿಳಿದು ತಲೆ ಸುತ್ತಿದರೆ ಎಣ್ಣೆ ತಿಕ್ಕುತ್ತ ಕೂಡದೆ 108ಕ್ಕೆ ಕರೆಮಾಡಿ ಆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಮಹಾಧಮನಿಯ ಗೋಡೆ ಸೀಳಿದಾಗಲೂ ನೋವು ಹೀಗೆಯೇ ಬರುವದು.