ಬಂಡೆ ಸೀಮೆಯಲ್ಲಿ ಸೈಕಲ್‌ಗೂ ಜಾಗ ಬೇಕು

ಅಮೆರಿಕದ ಯೂಟಾದ ಕೆಂಪು ಬಂಡೆಗಳ ನಡುವೆ ಸೈಕಲ್ ತುಳಿಯಲು ಜನ ದೂರದಿಂದ ಬರುತ್ತಾರೆ. ನಮ್ಮ ದೇವಸಮುದ್ರ ಸೀಮೆಯಲ್ಲಿ ಮಳೆಗೆ ಬರವಿರಬಹುದು, ಬಂಡೆಗಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಹಚ್ಚಿದರು. ಮೂರನ್ನೂ ಒಂದೇ ದಿನ ಸೈಕಲ್‌ನಲ್ಲಿ ನೋಡಬಹುದು.

ಆದರೆ ನಾವು ಮೊದಲು ಕೇಳುವುದು ಪ್ರವಾಸಿಗರಿಗಾಗಿ ಅಲ್ಲ. ಇಲ್ಲಿ ದಿನಾ ಸೈಕಲ್ ತುಳಿಯುವವರು ಶಾಲೆ ಮಕ್ಕಳು, ಹೊಲಕ್ಕೆ ಹೋಗುವ ಹಿರಿಯರು. 2006-07ರಲ್ಲಿ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಓಡಿಸಲು ಜಾಗ ಕೊಡಲಿಲ್ಲ. ಲಾರಿ ಬಂದರೆ ಮಕ್ಕಳು ಜಾಲಿ ಮುಳ್ಳಿಗೆ ಇಳಿಯಬೇಕು.

ರಸ್ತೆ ಮಾಡುವಾಗ ಅಂಚಿಗೆ ಒಂದೂವರೆ ಮೀಟರ್ ಡಾಂಬರು ಹೆಚ್ಚಿಗೆ ಹಾಕಿ, ಬಿಳಿ ಗೆರೆ ಎಳೆಯಲಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಬರೆಸೋಣ. ಮಕ್ಕಳಿಗೆ ದಾರಿಯಾದರೆ ಪ್ರವಾಸಿಗರೂ ಅದರಲ್ಲೇ ಬರುತ್ತಾರೆ.