ನಗುವ ಇಲಿ ಮತ್ತು ಮಿನರಲ್ ಕಿಂಗ್ ಕಣಿವೆ

1966ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಬೆಟ್ಟದ ಕಣಿವೆಯೊಂದರಲ್ಲಿ ಪತ್ರಿಕಾಗೋಷ್ಠಿ ನಡೆಯಿತು. ರಾಜ್ಯದ ಗವರ್ನರ್ ಪ್ಯಾಟ್ ಬ್ರೌನ್ ಅವರೊಡನೆ ಅಲ್ಲಿ ನಿಂತಿದ್ದವರು ಮಿಕ್ಕಿ ಮೌಸ್‌ನ ಜನಕರೆಂದು ಲೋಕವಿಖ್ಯಾತರಾದ ವಾಲ್ಟ್ ಡಿಸ್ನಿ. ಕಣಿವೆಯ ಹೆಸರು ಮಿನರಲ್ ಕಿಂಗ್. ಸಿಯೆರಾ ನೆವಾಡಾ ಪರ್ವತಸಾಲಿನಲ್ಲಿ ಸುಮಾರು 7,800 ಅಡಿ ಎತ್ತರದಲ್ಲಿರುವ ಈ ತಾಣವನ್ನು ಆಗ ಮೂರು ಕಡೆಯಿಂದ ಸಿಕೋಯಾ ರಾಷ್ಟ್ರೀಯ ಉದ್ಯಾನ ಸುತ್ತುವರಿದಿತ್ತು. ಇಲ್ಲಿ ಹಿಮಜಾರಾಟದ ಬೃಹತ್ ವಿಹಾರಧಾಮವೊಂದನ್ನು ಕಟ್ಟುವುದು ಡಿಸ್ನಿ ಕಂಪನಿಯ ಯೋಜನೆಯಾಗಿತ್ತು. ಭೂಮಿ ಸರಕಾರದ ಅರಣ್ಯ ಇಲಾಖೆಯದು, ಅಂದರೆ ಸಾರ್ವಜನಿಕರದು.

ಯಾವುದೋ ಗಣಿ ಕಂಪನಿಯೋ ಮರದ ವ್ಯಾಪಾರಿಯೋ ಇದೇ ಕಣಿವೆಯನ್ನು ಕೇಳಿದ್ದರೆ ಅನುಮಾನದ ಪ್ರಶ್ನೆಗಳು ಮೊದಲ ದಿನವೇ ಏಳುತ್ತಿದ್ದವು. ಕೇಳಿದವರು ಮಕ್ಕಳ ಪ್ರೀತಿಪಾತ್ರರಾಗಿದ್ದರಿಂದ ಗವರ್ನರರೇ ಬೆಟ್ಟ ಹತ್ತಿ ಬಂದರು. ಕೌಟುಂಬಿಕ ಮನರಂಜನೆಯ ಕಂಪನಿಯೊಂದು ತನ್ನ ಹೆಸರನ್ನು ಏಕೆ ಅಷ್ಟು ಜತನದಿಂದ ಬೆಳೆಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ದೊರೆಯಲಾರದು. ಆ ಹೆಸರು ಆಟಿಕೆಯನ್ನು ಮಾರುತ್ತದೆ. ಅದರ ಜೊತೆಗೆ, ಪ್ರಶ್ನೆಗಳಿಗೆ ಬೀಗ ಹಾಕಿ ಸಾರ್ವಜನಿಕ ಭೂಮಿಯ ಬಾಗಿಲನ್ನು ತೆರೆಯುತ್ತದೆ.

ಹೆಸರು ಬೆಳೆದ ಬಗೆ

ವಾಲ್ಟ್ ಮತ್ತು ಆತನ ಅಣ್ಣ ರಾಯ್ 1923ರ ಅಕ್ಟೋಬರ್‌ನಲ್ಲಿ ಕಾರ್ಟೂನ್ ಚಿತ್ರಗಳ ಸಣ್ಣ ಸಂಸ್ಥೆಯೊಂದನ್ನು ಆರಂಭಿಸಿದರು. ಅವರ ಮೊದಲ ದೊಡ್ಡ ಯಶಸ್ಸು ಆಸ್ವಾಲ್ಡ್ ಎಂಬ ಮೊಲ. ಆದರೆ ಅದರ ಹಕ್ಕು ಅವರ ಕೈಯಲ್ಲಿರಲಿಲ್ಲ; 1928ರಲ್ಲಿ ಮೊಲ ಕೈತಪ್ಪಿತು. ಅದೇ ವರ್ಷದ ನವೆಂಬರ್‌ನಲ್ಲಿ ತೆರೆಗೆ ಬಂದ ಮಿಕ್ಕಿ ಎಂಬ ಇಲಿಯ ಹಕ್ಕನ್ನು ಅವರು ಬಿಗಿಯಾಗಿ ಹಿಡಿದುಕೊಂಡರು. ಆ ಪಾಠವನ್ನು ಕಂಪನಿ ಎಂದೂ ಮರೆಯಲಿಲ್ಲ.

1932ರಲ್ಲಿ ಕೇ ಕೇಮನ್ ಎಂಬ ಜಾಹೀರಾತು ಪರಿಣತ ಕಂಪನಿಯ ಸರಕು ವಿಭಾಗದ ಹೊಣೆ ಹೊತ್ತ. ಮರುವರ್ಷವೇ ಮಿಕ್ಕಿಯ ಚಿತ್ರವಿದ್ದ ಕೈಗಡಿಯಾರ ಮಾರುಕಟ್ಟೆಗೆ ಬಂತು. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿಯೂ ಗಡಿಯಾರ ಬಿಸಿಬಿಸಿಯಾಗಿ ಮಾರಾಟವಾಯಿತು. ಗಡಿಯಾರ ತಯಾರಿಸುವವರು ಬೇರೆ, ಮಾರುವವರು ಬೇರೆ. ಇಲಿಯ ಮುದ್ರೆಗೆ ಕಾಣಿಕೆ ಸಲ್ಲುವುದು ಮಾತ್ರ ಡಿಸ್ನಿಗೆ. ಕಾರ್ಖಾನೆಯಿಲ್ಲದೆ, ಕಚ್ಚಾವಸ್ತುವಿಲ್ಲದೆ, ಹೆಸರನ್ನೇ ಗೇಣಿಗೆ ಕೊಟ್ಟು ಬದುಕುವ ಈ ವಿದ್ಯೆ ಮುಂದೆ ಇಡೀ ಉದ್ಯಮಕ್ಕೆ ಮಾದರಿಯಾಯಿತು.

1957ರಲ್ಲಿ ಕಂಪನಿ ತನ್ನ ವ್ಯವಹಾರದ ನಕ್ಷೆಯೊಂದನ್ನು ಬರೆಸಿತು. ನಡುವೆ ಚಲನಚಿತ್ರ, ಸುತ್ತಲೂ ಟಿವಿ, ಸಂಗೀತ, ಚಿತ್ರಕಥೆಯ ಪುಸ್ತಕ, ಆಟಿಕೆ, ವಿಹಾರೋದ್ಯಾನ. ಪ್ರತಿಯೊಂದರಿಂದ ಮತ್ತೊಂದಕ್ಕೆ ಬಾಣದ ಗುರುತುಗಳು. ಜೇಡನ ಬಲೆಯಂತಿರುವ ಆ ನಕ್ಷೆಯ ಮರ್ಮ ಸರಳವಾದುದು: ಒಂದು ಸರಕು ಮತ್ತೊಂದಕ್ಕೆ ಜಾಹೀರಾತಾಗಬೇಕು, ಜಾಹೀರಾತಿಗೂ ನೋಡುಗನೇ ಹಣ ತೆರಬೇಕು. ಈ ನಕ್ಷೆಗೆ ಮುನ್ನವೇ ಪ್ರಯೋಗ ನಡೆದಿತ್ತು. 1954ರ ಅಕ್ಟೋಬರ್‌ನಲ್ಲಿ ಎಬಿಸಿ ಟಿವಿ ಜಾಲದಲ್ಲಿ 'ಡಿಸ್ನಿಲ್ಯಾಂಡ್' ಎಂಬ ವಾರದ ಕಾರ್ಯಕ್ರಮ ಆರಂಭವಾಯಿತು. ಅದೇ ಹೆಸರಿನ ಉದ್ಯಾನ ಅನಹೈಮ್ ಪಟ್ಟಣದ ಕಿತ್ತಳೆ ತೋಟಗಳನ್ನು ಕಡಿದ 160 ಎಕರೆಯಲ್ಲಿ ಆಗಿನ್ನೂ ಕಟ್ಟಲ್ಪಡುತ್ತಿತ್ತು. ಎಬಿಸಿ ಆ ಉದ್ಯಾನಕ್ಕೆ ಹಣ ಹೂಡಿ, ಸಾಲಕ್ಕೆ ಜಾಮೀನು ನಿಂತಿತ್ತು. 1955ರ ಜುಲೈ 17ರಂದು ಬಾಗಿಲು ತೆರೆಯುವ ವೇಳೆಗೆ ನಾಡಿನ ಮಕ್ಕಳೆಲ್ಲ ಅದನ್ನು ಮನೆಯಲ್ಲಿಯೇ ಕುಳಿತು ಕಂಡಾಗಿತ್ತು. ಅದೇ ಕಾರ್ಯಕ್ರಮದಲ್ಲಿ ಡೇವಿ ಕ್ರಾಕೆಟ್ ಎಂಬ ಕಾಡುವೀರನ ಕಥೆ ಬಂದೊಡನೆ ರಕೂನ್ ಎಂಬ ಕಾಡುಪ್ರಾಣಿಯ ತುಪ್ಪಳದ ಟೋಪಿಗೆ ಮಕ್ಕಳು ಹಟ ಹಿಡಿದರು. ತೆರೆಯ ಮೇಲಿನ ಕಥೆ ಕಾಡಿನ ಜೀವಕ್ಕೆ ಹೇಗೆ ಬೆಲೆ ಕಟ್ಟುತ್ತದೆಂಬುದಕ್ಕೆ ಅದೊಂದು ಮುನ್ಸೂಚನೆ.

ಈ ಹೆಸರಿನ ಬಂಡವಾಳ ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. 1937ರ ಸ್ನೋ ವೈಟ್ ಜರ್ಮನಿಯ ಅಜ್ಜಿಯರು ಹೇಳುತ್ತ ಬಂದ, ಗ್ರಿಮ್ ಸಹೋದರರು ಬರೆದಿಟ್ಟ ಕಥೆ. 1950ರ ಸಿಂಡರೆಲ್ಲಾಳೂ ಹಳೆಯ ಜನಪದದವಳೇ. ಜನಪದ ಕಥೆಯೆಂದರೆ ಊರಿನ ಗೋಮಾಳವಿದ್ದಂತೆ. ಯಾರ ದನವೂ ಮೇಯಬಹುದು. ಕಂಪನಿಯೂ ಅಲ್ಲಿ ಮೇಯಿಸಿತು, ತಪ್ಪಲ್ಲ. ಆದರೆ ತನ್ನ ಪಾತ್ರಗಳು ಅದೇ ಗೋಮಾಳಕ್ಕೆ ಮರಳಬೇಕಾದ ಕಾಲ ಸಮೀಪಿಸಿದಾಗ ಅದು ಬೇಲಿ ಹಾಕಿಸಿತು. ಅಮೆರಿಕದ ಸಂಸತ್ತು 1998ರಲ್ಲಿ ಕೃತಿಸ್ವಾಮ್ಯದ ಅವಧಿಯನ್ನು 20 ವರ್ಷ ವಿಸ್ತರಿಸಿದಾಗ ಅದಕ್ಕಾಗಿ ಒತ್ತಡ ಹೇರಿದವರಲ್ಲಿ ಡಿಸ್ನಿ ಪ್ರಮುಖವಾಗಿತ್ತು. ಮಿಕ್ಕಿಯ ಮೊದಲ ಚಿತ್ರ ಸಾರ್ವಜನಿಕರ ಸೊತ್ತಾದದ್ದು 2024ರ ಜನವರಿ 1ರಂದು. ಎಲ್ಲರದ್ದನ್ನು ಪಡೆದು ತನ್ನದಾಗಿಸುವ ಈ ರೀತಿ ಕಥೆಗೆ ಮಾತ್ರ ಸೀಮಿತವಾಗಲಿಲ್ಲ. ಕಾಡಿಗೂ ಕಣಿವೆಗೂ ಹಬ್ಬಿತು.

ಕಾಡಿನ ಬಂಧುವೆಂಬ ವೇಷ

1942ರ 'ಬ್ಯಾಂಬಿ' ಚಿತ್ರದ ಜಿಂಕೆಮರಿ ಕೋಟ್ಯಂತರ ಜನರಲ್ಲಿ ಕಾಡಿನ ಬಗ್ಗೆ ಕರುಣೆ ಹುಟ್ಟಿಸಿತು. 1948ರಿಂದ ಕಂಪನಿ ನೈಜ ವನ್ಯಜೀವಿ ಚಿತ್ರಗಳ ಮಾಲಿಕೆಯನ್ನೇ ಹೊರತಂದಿತು. ಆಸ್ಕರ್ ಪ್ರಶಸ್ತಿಗಳು ಬಂದವು. ಆ ಮಾಲಿಕೆಯ 'ವೈಟ್ ವೈಲ್ಡರ್ನೆಸ್' ಎಂಬ 1958ರ ಚಿತ್ರದಲ್ಲಿ ಲೆಮ್ಮಿಂಗ್ ಎಂಬ ಹಿಮಪ್ರದೇಶದ ಇಲಿಗಳು ಸಾಲುಸಾಲಾಗಿ ಕಡಿದಾದ ದಂಡೆಯಿಂದ ನೀರಿಗೆ ಹಾರಿ ಸಾಯುವ ದೃಶ್ಯವಿದೆ. ಅದು ನಿಸರ್ಗದ ವಿಸ್ಮಯವೆಂದು ಜನ ನಂಬಿದರು. ಕೆನಡಾದ ಸಿಬಿಸಿ ಟಿವಿ 1982ರಲ್ಲಿ ಅದರ ಹಿಂದಿನ ಕಥೆಯನ್ನು ಹೊರಗೆಳೆಯಿತು. ಚಿತ್ರೀಕರಣ ನಡೆದದ್ದು ಸಮುದ್ರವೇ ಇಲ್ಲದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಇಲಿಗಳನ್ನು ಬೇರೆಡೆಯಿಂದ ತರಿಸಲಾಗಿತ್ತು. ಅವು ಹಾರಿರಲಿಲ್ಲ, ಚಿತ್ರತಂಡವೇ ಅವನ್ನು ದಂಡೆಯಿಂದ ಕೆಳಕ್ಕೆ ತಳ್ಳಿತ್ತು. ಲೆಮ್ಮಿಂಗ್‌ಗಳು ಸಾಮೂಹಿಕ ಆತ್ಮಹತ್ಯೆ ಮಾಡಿಕೊಳ್ಳುತ್ತವೆಂಬ ಸುಳ್ಳು ಇಂದಿಗೂ ಚಲಾವಣೆಯಲ್ಲಿದೆ. ಒಂದು ಇಲಿಯನ್ನು ದೇವರಾಗಿಸಿದ ಕಂಪನಿಯ ಚಿತ್ರಕ್ಕಾಗಿ ಜೀವಂತ ಇಲಿಗಳು ಬಲಿಯಾದದ್ದು ವಿಪರ್ಯಾಸವೇ ಸರಿ.

ಇಂಥ ಚಿತ್ರಗಳಿಂದ ಗಳಿಸಿದ 'ಪ್ರಕೃತಿಪ್ರೇಮಿ' ಎಂಬ ಬಿರುದನ್ನು ಧರಿಸಿಯೇ ಕಂಪನಿ ಮಿನರಲ್ ಕಿಂಗ್ ಕಣಿವೆಗೆ ಬಂದದ್ದು.

ಕಣಿವೆಗೆ ಬಂದ ಯೋಜನೆ

ಅರಣ್ಯ ಇಲಾಖೆ 1965ರಲ್ಲಿ ಯೋಜನೆಗಳನ್ನು ಆಹ್ವಾನಿಸಿ, ವರ್ಷದ ಕೊನೆಗೆ ಡಿಸ್ನಿಯನ್ನು ಆರಿಸಿತು. 1969ರ ಜನವರಿಯಲ್ಲಿ ಅಂತಿಮ ಒಪ್ಪಿಗೆ ದೊರೆತ ಯೋಜನೆಯ ಸ್ವರೂಪ ಹೀಗಿತ್ತು: ವೆಚ್ಚ 3.5 ಕೋಟಿ ಡಾಲರ್. ವಸತಿಗೃಹ, ಉಪಾಹಾರಗೃಹ, ಈಜುಕೊಳ, ವಾಹನ ನಿಲುಗಡೆ. ದಿನಕ್ಕೆ 14,000 ಪ್ರವಾಸಿಗರು. ಅಲ್ಲಿಗೆ ತಲುಪಲು 20 ಮೈಲಿ ಹೆದ್ದಾರಿಯನ್ನು ರಾಜ್ಯ ಸರಕಾರ ನಿರ್ಮಿಸಬೇಕು. ಆ ರಸ್ತೆಯೂ ಅಧಿಕ ಒತ್ತಡದ ವಿದ್ಯುತ್ ಮಾರ್ಗವೂ ಸಿಕೋಯಾ ರಾಷ್ಟ್ರೀಯ ಉದ್ಯಾನವನ್ನು ಸೀಳಿಕೊಂಡು ಹೋಗಬೇಕು.

ಭೂಮಿಯ ಲೆಕ್ಕದಲ್ಲಿ ಚಮತ್ಕಾರವಿತ್ತು. ಇಂಥ ಉದ್ದೇಶಕ್ಕೆ ಅರಣ್ಯಭೂಮಿಯನ್ನು 80 ಎಕರೆಗಿಂತ ಹೆಚ್ಚು, 30 ವರ್ಷಕ್ಕಿಂತ ದೀರ್ಘವಾಗಿ ಕೊಡಲು ಕಾನೂನು ಒಪ್ಪುತ್ತಿರಲಿಲ್ಲ. ಆದ್ದರಿಂದ ಕಟ್ಟಡಗಳಿಗೆ ಸರಿಯಾಗಿ 80 ಎಕರೆ, 30 ವರ್ಷ ಎಂದು ಬರೆದುಕೊಂಡು, ಜಾರುದಾರಿ, ರೋಪ್‌ವೇ, ರೈಲುಹಾದಿಗಳಿಗೆ ಬೇಕಾದ ಉಳಿದ ಇಳಿಜಾರುಗಳನ್ನೆಲ್ಲ 'ಯಾವಾಗ ಬೇಕಾದರೂ ಹಿಂಪಡೆಯಬಹುದಾದ' ಪರವಾನಗಿಯಡಿ ಸೇರಿಸಲಾಯಿತು. ಕೋಟಿಗಟ್ಟಲೆ ಹಣ ಸುರಿದ ಮೇಲೆ ಹಿಂಪಡೆಯುವವರು ಯಾರು? ಕಾಗದದಲ್ಲಿ ತಾತ್ಕಾಲಿಕ, ನೆಲದ ಮೇಲೆ ಶಾಶ್ವತ: ಇಂಥ ಪರವಾನಗಿಗಳ ಪರಿಚಯ ಬೆಟ್ಟದ ಜನರಿಗೆ ಎಲ್ಲೆಡೆಯೂ ಇದೆ.

ಕಂಪನಿಯ ಪರವಾದ ಮಾತುಗಳನ್ನೂ ಆಲಿಸಬೇಕು. ವಾಹನಗಳನ್ನು ಕಣಿವೆಯ ಹೊರಗೇ ನಿಲ್ಲಿಸಿ ಜನರನ್ನು ಹಲ್ಲುಗಾಲಿ ರೈಲಿನಲ್ಲಿ ಕರೆತರುವುದಾಗಿ ಅದು ಹೇಳಿತ್ತು. ಸುತ್ತಲ ಪ್ರದೇಶಕ್ಕೆ ವರಮಾನ, ಸಾಮಾನ್ಯ ಕುಟುಂಬಗಳಿಗೆ ಬೆಟ್ಟದ ಸುಖ ದೊರೆಯುವುದೆಂದೂ ವಾದವಿತ್ತು. ಆದರೆ ದಿನಕ್ಕೆ 14,000 ಮಂದಿಯ ನೀರು, ಹೊಲಸು, ಕಸಗಳ ಭಾರ ರೈಲಿನಲ್ಲಿ ಬಂದರೆ ಕಡಮೆಯಾಗುವುದಿಲ್ಲ. ಬೆಟ್ಟದ ಸುಖವನ್ನು ಜನರಿಗೆ ತಲುಪಿಸಲು ಬೆಟ್ಟವನ್ನೇ ಪೇಟೆಯಾಗಿಸಿದರೆ ಉಳಿಯುವುದು ಪೇಟೆಯ ಸುಖ ಮಾತ್ರ.

ಕಣಿವೆ ಉಳಿದ ಬಗೆ

1940ರ ದಶಕದ ಕೊನೆಯಲ್ಲಿ ಇದೇ ಕಣಿವೆಯಲ್ಲಿ ಹಿಮಜಾರಾಟಕ್ಕೆ ವಿರೋಧವಿಲ್ಲವೆಂದಿದ್ದ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ, ಯೋಜನೆಯ ಗಾತ್ರವನ್ನು ಕಂಡು 1965ರಲ್ಲಿ ನಿಲುವು ಬದಲಿಸಿತು. ತಪ್ಪನ್ನು ತಿದ್ದಿಕೊಳ್ಳಲು ನಾಚದಿರುವುದೂ ಚಳವಳಿಯ ಗುಣ. 1969ರ ಜೂನ್‌ನಲ್ಲಿ ಅದು ನ್ಯಾಯಾಲಯಕ್ಕೆ ಹೋಗಿ ಮೊದಲ ಹಂತದಲ್ಲಿ ತಡೆಯಾಜ್ಞೆ ತಂದಿತು. ಮೇಲಿನ ನ್ಯಾಯಾಲಯ ಅದನ್ನು ತೆರವು ಮಾಡಿತು. 1972ರ ಏಪ್ರಿಲ್ 19ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 4–3ರ ಬಹುಮತದಿಂದ, ತನ್ನ ಸದಸ್ಯರಿಗೆ ನೇರ ಹಾನಿಯಾಗುವುದೆಂದು ಕ್ಲಬ್ ತೋರಿಸಿಲ್ಲವಾದ್ದರಿಂದ ದಾವೆ ಹೂಡುವ ಅರ್ಹತೆ ಅದಕ್ಕಿಲ್ಲವೆಂದಿತು. ಭಿನ್ನಮತ ಬರೆದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್, ಕಂಪನಿಯನ್ನೂ ಹಡಗನ್ನೂ ಕಾನೂನು ವ್ಯಕ್ತಿಯೆಂದು ಮನ್ನಿಸುವಾಗ ನದಿ, ಕಣಿವೆ, ಹುಲ್ಲುಗಾವಲುಗಳ ಹೆಸರಿನಲ್ಲಿಯೂ ನ್ಯಾಯ ಕೇಳಲು ಏಕೆ ಅವಕಾಶವಿರಬಾರದೆಂದು ವಾದಿಸಿದರು. ಆ ಪ್ರಶ್ನೆ ಇಂದಿಗೂ ಲೋಕದ ನ್ಯಾಯಾಲಯಗಳಲ್ಲಿ ಸುತ್ತುತ್ತಿದೆ.

ಸೋತ ಕ್ಲಬ್ ಸುಮ್ಮನಾಗಲಿಲ್ಲ. ಅರ್ಜಿಯನ್ನು ತಿದ್ದಿ ಮತ್ತೆ ಹೂಡಿತು. ಅಷ್ಟರಲ್ಲಿ 1970ರಿಂದ ಜಾರಿಗೆ ಬಂದ ರಾಷ್ಟ್ರೀಯ ಪರಿಸರ ನೀತಿ ಕಾಯಿದೆಯಡಿ ಯೋಜನೆಯ ಪರಿಣಾಮಗಳನ್ನು ಬರೆದು ಜನರ ಮುಂದಿಡುವುದು ಅನಿವಾರ್ಯವಾಯಿತು. ಕ್ಯಾಲಿಫೋರ್ನಿಯಾ ಸರಕಾರ ರಸ್ತೆಯಿಂದ ಹಿಂದೆ ಸರಿಯಿತು. ವರ್ಷಗಳು ಉರುಳಿದಂತೆ ಕಂಪನಿಯ ಉತ್ಸಾಹವೂ ಇಳಿಯಿತು. 1978ರ ನವೆಂಬರ್ 10ರಂದು ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾಯಿದೆಯಿಂದ ಮಿನರಲ್ ಕಿಂಗ್ ಸಿಕೋಯಾ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಇಂದಿಗೂ ಅಲ್ಲಿಗೆ ಹೋಗುವುದು ಕಿರಿದಾದ, ಸುರುಳಿ ಸುರುಳಿಯಾದ ಹಳೆಯ ರಸ್ತೆಯೇ. ಮಾರ್ಮೋಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿಗಳು ವಾಹನಗಳ ರಬ್ಬರ್ ಕೊಳವೆಗಳನ್ನು ಕಡಿಯುವುದರಿಂದ ಪ್ರವಾಸಿಗರು ಕಾರಿಗೆ ಟಾರ್ಪಾಲು ಸುತ್ತಿ ಬೆಟ್ಟ ಹತ್ತುತ್ತಾರೆ. ಕಣಿವೆಯ ನಿಜವಾದ ನಿವಾಸಿಗಳ ಆಡಳಿತ ಅಲ್ಲಿ ನಡೆದಿದೆ.

ಕಣಿವೆಯ ವಿಹಾರಧಾಮಕ್ಕೆಂದು ಕಂಪನಿಯ ಕಲಾವಿದರು ಹಾಡುವ ಯಂತ್ರಕರಡಿಗಳ ಪ್ರದರ್ಶನವೊಂದನ್ನು ರೂಪಿಸಿದ್ದರು. ಆ ಕರಡಿಗಳು 1971ರ ಅಕ್ಟೋಬರ್ 1ರಂದು ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಹಾಡಲಾರಂಭಿಸಿದವು. ಬೆಟ್ಟ ಸಿಗದಿದ್ದರೆ ಬಯಲಾದರೂ ಆದೀತು. ಕಂಪನಿಗೆ ಬೇಕಾದದ್ದು ಕರಡಿಯ ಹೆಸರೇ ಹೊರತು ಕರಡಿಯ ಮನೆಯಲ್ಲ.

ಫ್ಲಾರಿಡಾದಲ್ಲಿ ತಡೆಯುವವರಿರಲಿಲ್ಲ. ಅಲ್ಲಿ ಕಂಪನಿ ಬೇನಾಮಿ ಸಂಸ್ಥೆಗಳ ಮೂಲಕ ಸುಮಾರು 27,000 ಎಕರೆಯನ್ನು ಗುಟ್ಟಾಗಿ ಖರೀದಿಸಿತು. ನಿಜವಾದ ಕೊಳ್ಳುಗರು ಯಾರೆಂಬುದು ಜನರಿಗೆ ತಿಳಿದದ್ದು 1965ರ ಅಕ್ಟೋಬರ್‌ನಲ್ಲಿ. 1967ರಲ್ಲಿ ರಾಜ್ಯ ಸರಕಾರ ಆ ಭೂಮಿಗೆ ಪ್ರತ್ಯೇಕ ಸ್ಥಳೀಯಾಡಳಿತವನ್ನೇ ಕೊಟ್ಟಿತು. ಅಣುವಿದ್ಯುತ್ ಸ್ಥಾವರ ಕಟ್ಟುವ ಅಧಿಕಾರವೂ ಅದರಲ್ಲಿತ್ತು. 2023ರವರೆಗೆ ಆ ವ್ಯವಸ್ಥೆ ನಡೆಯಿತು. 1990ರ ದಶಕದ ಆರಂಭದಲ್ಲಿ ಜೌಗುಭೂಮಿಯನ್ನು ಬಳಸಿಕೊಳ್ಳುವ ಅನುಮತಿಗೆ ಬದಲಾಗಿ ಕಂಪನಿ ಬೇರೆಡೆ 8,500 ಎಕರೆ ಕೊಂಡು ಸಂರಕ್ಷಣೆಗೆ ಬಿಟ್ಟುಕೊಟ್ಟಿತು. ಆ ಕಾಡು ಉಳಿದದ್ದು ಒಳಿತೇ. ಆದರೆ ಪರವಾನಗಿಯ ಷರತ್ತಾಗಿ ತೆತ್ತ ಆ ಭೂಮಿಯ ಫಲಕದಲ್ಲಿಯೂ ಡಿಸ್ನಿಯ ಹೆಸರೇ ಮೆರೆಯುತ್ತಿದೆ. ದಂಡವೂ ದಾನವಾಗಿ ಕಾಣುವುದು ಹೆಸರಿನ ಮಹಿಮೆ.

ಮಲೆನಾಡಿನ ಅಂಗಳದಲ್ಲಿ

ಕಡಲಾಚೆಯ ಈ ಕಥೆ ಮಲೆನಾಡಿಗೆ ದೂರದ್ದಲ್ಲ. 2019ರಲ್ಲಿ ಸ್ಟಾರ್ ಇಂಡಿಯಾ ಡಿಸ್ನಿಯ ವಶವಾದಾಗ ಕನ್ನಡದ ಸ್ಟಾರ್ ಸುವರ್ಣ ವಾಹಿನಿಯೂ ಅದರ ಸೊತ್ತಾಯಿತು. 2024ರ ನವೆಂಬರ್‌ನಲ್ಲಿ ಆ ವ್ಯವಹಾರ ರಿಲಯನ್ಸ್ ಸಮೂಹದ ಮಾಧ್ಯಮ ಸಂಸ್ಥೆಯೊಡನೆ ವಿಲೀನಗೊಂಡು, ಡಿಸ್ನಿಗೆ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಪಾಲು ಉಳಿದಿದೆ. ಹಂಚಿನ ಮನೆಯ ಮಗುವಿನ ಶಾಲೆಚೀಲದ ಮೇಲೆ ಇಲಿ ನಗುತ್ತಿದೆ. ಆ ಚೀಲವನ್ನು ಕಿತ್ತುಕೊಳ್ಳಬೇಕೆಂದು ಯಾರೂ ಹೇಳುತ್ತಿಲ್ಲ. ಮಗು ನಗಲಿ. ಆದರೆ ಹಿರಿಯರು ಚೀಲದ ನಗುವನ್ನು ಭೂಮಿಯ ಕಾಗದದ ಮೇಲಿನ ಸಹಿಯೆಂದು ಭ್ರಮಿಸಬಾರದು.

ಯಾವ ಬೆಟ್ಟಕ್ಕೇ ಆಗಲಿ, ಕುಟುಂಬದ ಸಂತೋಷ, ಹಸಿರು ಪ್ರವಾಸ, ಮಕ್ಕಳ ಲೋಕ ಎಂಬ ಹೆಸರಿನಲ್ಲಿ ಯೋಜನೆಯೊಂದು ಬಂದರೆ ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಮಿನರಲ್ ಕಿಂಗ್ ಕಲಿಸಿಕೊಟ್ಟಿದೆ. ಭೂಮಿ ಯಾರದು, ಎಷ್ಟು ಎಕರೆ, ಎಷ್ಟು ವರ್ಷ? ತಾತ್ಕಾಲಿಕವೆಂದು ಬರೆದಿರುವುದು ಯಾವುದು? ರಸ್ತೆಯ ಖರ್ಚು ಯಾರ ಬೊಕ್ಕಸದಿಂದ? ದಿನಕ್ಕೆ ಎಷ್ಟು ಜನ, ಅವರ ನೀರು ಯಾವ ಹಳ್ಳದಿಂದ, ಕೊಳಕು ಯಾವ ಹೊಳೆಗೆ? 2006ರ ಪರಿಸರ ಪರಿಣಾಮ ಅಧಿಸೂಚನೆ ಅನ್ವಯಿಸುವ ಯೋಜನೆಯಾಗಿದ್ದರೆ ವರದಿ ಎಲ್ಲಿ, ಸಾರ್ವಜನಿಕ ಅಹವಾಲು ಬೇಕಿದ್ದರೆ ಅದು ಎಂದು?

ಕಂಪನಿಯ ಹೆಸರು ಎಷ್ಟೇ ಮುದ್ದಾಗಿದ್ದರೂ ಈ ಯಾವ ಪ್ರಶ್ನೆಗೂ ಅದು ಉತ್ತರವಾಗದು. ಸಿಯೆರಾದ ಕಣಿವೆಯೊಂದು ಉಳಿದದ್ದು ಕೆಲವರು ಇಲಿಯ ನಗುವಿಗೆ ಮರುಳಾಗದೆ, ಹದಿಮೂರು ವರ್ಷ ಇವೇ ಪ್ರಶ್ನೆಗಳನ್ನು ಬಿಡದೆ ಕೇಳಿದ್ದರಿಂದ.